ಮನೆಯವರು ಕಾಣದ ಐದು ದಿನ: ಒಬ್ಬ ಸೇಲ್ಸ್‌ಮನ್ ಬದುಕನ್ನು ಬರೆದಿಡುವ ಬಗೆ

ಶ್ರದ್ಧಾಂಜಲಿಯ ಫ್ಲೆಕ್ಸ್‌ಗಳನ್ನು ನೀವೆಲ್ಲ ನೋಡಿದ್ದೀರಿ. ಹೂವಿನ ಚೌಕಟ್ಟು, ಹಿಗ್ಗಿಸಿದ ಪಾಸ್‌ಪೋರ್ಟ್ ಫೋಟೊ, ಕೆಳಗೆ ಮೂರು ಮಾತು: ಸ್ನೇಹಜೀವಿ, ಕುಟುಂಬವತ್ಸಲ, ಸದಾ ಹಸನ್ಮುಖಿ. ನಿವೃತ್ತ ಸೇಲ್ಸ್‌ಮನ್ ತೀರಿಕೊಂಡರೆ ಈ ಮೂರೂ ಬಂದೇ ಬರುತ್ತವೆ. ಅವು ಸುಳ್ಳೇನಲ್ಲ. ಮೂವತ್ತು ಮೂವತ್ತೈದು ವರ್ಷ ಅಂಗಡಿಯಿಂದ ಅಂಗಡಿಗೆ ಹತ್ತಿ ಇಳಿದ ಮನುಷ್ಯನಿಗೆ ಜನರ ಜೊತೆ ಬೆರೆಯಲು ಬಾರದಿದ್ದರೆ ಮೂರು ತಿಂಗಳೂ ಆ ಕೆಲಸದಲ್ಲಿ ಉಳಿಯುತ್ತಿರಲಿಲ್ಲ. ಆದರೆ ಆ ಮಾತುಗಳನ್ನು ಓದಿದ ಮೊಮ್ಮಗಳಿಗೆ ತನ್ನ ಅಜ್ಜ ಸಿಗುವುದಿಲ್ಲ. ಪಕ್ಕದ ಬೀದಿಯ ಫ್ಲೆಕ್ಸ್‌ನಲ್ಲಿರುವ ಅಜ್ಜನೂ ಹಾಗೇ ಇದ್ದನಲ್ಲ!

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಟೂರ್ ಮೇಲಿರುತ್ತಿದ್ದ ಸೇಲ್ಸ್‌ಮನ್ ಮನೆಯವರ ಪಾಲಿಗೆ ಶನಿವಾರ ರಾತ್ರಿ ಬಂದು ಸೋಮವಾರ ನಸುಕಿಗೆ ಹೊರಡುವ ಮನುಷ್ಯ. ಉಳಿದ ಐದಾರು ದಿನ ಅವನನ್ನು ಕಂಡವರು ಬೇರೆ ಊರುಗಳಲ್ಲಿದ್ದಾರೆ. ಅವರನ್ನು ಹುಡುಕಿ ಕೇಳದೆ ಬರೆದರೆ ಅರ್ಧ ಮನುಷ್ಯನನ್ನು ಬರೆದ ಹಾಗೆ. ಆ ಊರುಗಳಲ್ಲಿ ಅವನನ್ನು ಬಲ್ಲವರೂ ಈಗ ಎಪ್ಪತ್ತು ದಾಟಿದವರು. ಆದ್ದರಿಂದ ತಡ ಮಾಡುವ ಹಾಗಿಲ್ಲ.

ಮೊದಲು ಕೆಲಸವನ್ನು ಅರ್ಥ ಮಾಡಿಕೊಳ್ಳಬೇಕು. 1980ರ ದಶಕದಲ್ಲಿ ಹುಬ್ಬಳ್ಳಿ ಹೆಡ್‌ಕ್ವಾರ್ಟರ್ಸ್ ಆಗಿದ್ದ, ಔಷಧ ಕಂಪನಿಯ ಮಾಲು ಪರಿಚಯಿಸುವ ಒಬ್ಬ ಮೆಡಿಕಲ್ ರೆಪ್‌ನ ತಿಂಗಳನ್ನು ತೆಗೆದುಕೊಳ್ಳಿ. ಮುಂದಿನ ತಿಂಗಳು ಯಾವ ದಿನ ಯಾವ ಊರು ಎಂಬ ಟೂರ್ ಪ್ರೋಗ್ರಾಂ ಈ ತಿಂಗಳೇ ಮ್ಯಾನೇಜರಿಗೆ ಹೋಗಬೇಕು. ಊರುಗಳಲ್ಲಿ ಮೂರು ಬಗೆ. ಹುಬ್ಬಳ್ಳಿ ಧಾರವಾಡ ಹೆಡ್‌ಕ್ವಾರ್ಟರ್ಸ್. ಬೆಳಿಗ್ಗೆ ಹೋಗಿ ರಾತ್ರಿ ಮರಳಬಹುದಾದ ಗದಗದಂಥದ್ದು ಎಕ್ಸ್‌ಸ್ಟೇಷನ್. ಗುಂತಕಲ್ ಕಡೆಯ ರೈಲು ಹಿಡಿದು ಕೊಪ್ಪಳ, ಹೊಸಪೇಟೆ, ಬಳ್ಳಾರಿಗೆ ಹೋಗಿ ಲಾಡ್ಜ್‌ನಲ್ಲಿ ಉಳಿಯಬೇಕಾದದ್ದು ಔಟ್‌ಸ್ಟೇಷನ್. ಮೂರಕ್ಕೂ ಡಿಎ, ಅಂದರೆ ದಿನದ ಭತ್ಯೆ, ಬೇರೆ ಬೇರೆ. ಕಂಪನಿ ಕೊಟ್ಟ ಡಿಎಯಲ್ಲಿ ಅಗ್ಗದ ಕೋಣೆ ಹಿಡಿದು, ಖಾನಾವಳಿಯಲ್ಲಿ ಉಂಡು, ಮಿಕ್ಕಿದ್ದನ್ನು ಮಗಳ ಫೀಗೆ ಎತ್ತಿಟ್ಟವರು ಎಷ್ಟೋ ಜನ. ಅಪ್ಪ ಯಾಕೆ ಯಾವಾಗಲೂ ಬಸ್‌ಸ್ಟ್ಯಾಂಡ್ ಹತ್ತಿರದ ಆ ಹಳೇ ಲಾಡ್ಜಿಗೇ ಹೋಗುತ್ತಿದ್ದರು ಎಂಬುದಕ್ಕೆ ಉತ್ತರ ಇಲ್ಲಿದೆ. ಕುಟುಂಬವತ್ಸಲ ಎಂದು ಬರೆಯುವ ಬದಲು ಆ ಕೋಣೆಯ ಬಾಡಿಗೆಯನ್ನೂ ಡಿಎಯನ್ನೂ ಒಂದರ ಪಕ್ಕ ಒಂದು ಬರೆದುಬಿಡಿ.

ದಿನದ ಕಥೆ ಹೀಗೆ. ಬೆಳಿಗ್ಗೆ ಆಸ್ಪತ್ರೆಯ ಡಾಕ್ಟರುಗಳು, ಮಧ್ಯಾಹ್ನ ಮೆಡಿಕಲ್ ಶಾಪು ಮತ್ತು ಸ್ಟಾಕಿಸ್ಟ್ (ಕಂಪನಿಯ ಮಾಲು ಕೊಂಡು ಅಂಗಡಿಗಳಿಗೆ ಕೊಡುವ ಸಗಟು ವ್ಯಾಪಾರಿ), ಸಂಜೆ ಆರರ ಮೇಲೆ ಖಾಸಗಿ ಕ್ಲಿನಿಕ್‌ಗಳು. ಪೇಷಂಟುಗಳೆಲ್ಲ ಮುಗಿದ ಮೇಲೆ ಎರಡು ನಿಮಿಷ ಸಿಕ್ಕರೆ ಪುಣ್ಯ. ಆ ಎರಡು ನಿಮಿಷದಲ್ಲಿ ವಿಷುಯಲ್ ಏಡ್ ಎಂಬ ಚಿತ್ರದ ಹಾಳೆಗಳನ್ನು ಬಿಡಿಸಿ, ನಾಲ್ಕು ಔಷಧಿಯ ಹೆಸರು ಹೇಳಿ, ಸ್ಯಾಂಪಲ್ ಇಟ್ಟು ಎದ್ದು ಬರಬೇಕು. ರಾತ್ರಿ ಲಾಡ್ಜ್‌ಗೆ ಬಂದು ಡೈಲಿ ರಿಪೋರ್ಟ್ ಬರೆಯಬೇಕು: ಯಾರನ್ನು ಕಂಡೆ, ಏನು ಕೊಟ್ಟೆ, ಎಷ್ಟು ಆರ್ಡರ್. ಕಿರಾಣಿ ಮಾಲು, ಸೋಪು, ಬಿಸ್ಕತ್ತು ಮಾರುತ್ತಿದ್ದವರ ದಿನ ಬೇರೆ ರೀತಿಯದು. ಅವರಿಗೆ ಬೀಟ್, ಅಂದರೆ ಗೊತ್ತುಮಾಡಿದ ಸುತ್ತು, ಇರುತ್ತದೆ, ಒಂದೊಂದು ವಾರ ಒಂದೊಂದು ಲೈನು, ಒಂದು ದಿನಕ್ಕೆ ನಲವತ್ತು ಅಂಗಡಿಯಾದರೂ ಆಗುತ್ತದೆ, ಜೊತೆಗೆ ವಸೂಲಿಯ ಕೆಲಸ ಬೇರೆ. ನಿಮ್ಮ ತಂದೆಯವರು ಯಾವ ಬಗೆಯ ಸೇಲ್ಸ್‌ಮನ್ ಎಂಬುದನ್ನು ಮೊದಲೇ ಖಚಿತ ಮಾಡಿಕೊಳ್ಳಿ. ‘ಕಂಪನೀಲಿ ಇದ್ರು’ ಎಂದಷ್ಟೇ ಗೊತ್ತಿರುವ ಮಕ್ಕಳೇ ಹೆಚ್ಚು.

ತಿಂಗಳ ಕೊನೆಯ ವಾರ ಕ್ಲೋಸಿಂಗ್, ಆ ತಿಂಗಳ ಮಾರಾಟದ ಲೆಕ್ಕ ಮುಗಿಸುವ ಹೊತ್ತು. ಟಾರ್ಗೆಟ್ ಮುಟ್ಟದಿದ್ದರೆ ಸ್ಟಾಕಿಸ್ಟ್‌ನ ಕೈಕಾಲು ಹಿಡಿದು ಹೆಚ್ಚು ಮಾಲು ಎತ್ತಿಸಬೇಕು. ಕಂಪನಿಯಿಂದ ಸ್ಟಾಕಿಸ್ಟ್‌ಗೆ ಹೋದದ್ದು ಪ್ರೈಮರಿ ಸೇಲ್, ಸ್ಟಾಕಿಸ್ಟ್‌ನಿಂದ ಅಂಗಡಿಗೆ ಹೋದದ್ದು ಸೆಕೆಂಡರಿ. ಕಂಪನಿ ಪ್ರೈಮರಿಯನ್ನು ನೋಡುತ್ತದೆ; ಆದರೆ ಸೆಕೆಂಡರಿ ಹೋಗದಿದ್ದರೆ ಅದೇ ಮಾಲು ಎಕ್ಸ್‌ಪೈರಿಯಾಗಿ ವಾಪಸ್ ಬರುತ್ತದೆ, ಜವಾಬು ಮತ್ತೆ ಅದೇ ರೆಪ್‌ನ ತಲೆಗೆ. ಹಾಗಾಗಿ 25ನೇ ತಾರೀಖಿನ ಮೇಲೆ ಅಪ್ಪ ಮನೆಯಲ್ಲಿ ಸಿಡುಕುತ್ತಿದ್ದರು ಎಂದು ನಿಮಗೆ ನೆನಪಿದ್ದರೆ, ಅದು ಅವರ ಸ್ವಭಾವವಾಗಿರದೆ ತಿಂಗಳ ಸುತ್ತು ಆಗಿರಬಹುದು. ತಾರೀಖು ಹೊಂದಿಸಿ ನೋಡಿ.

ಇನ್ನು ಜನರ ಜೊತೆ ಬೆರೆಯುವ ಗುಣ. ಅದನ್ನು ಹುಟ್ಟುಗುಣ ಎಂದು ಬಿಟ್ಟುಬಿಡಬೇಡಿ. ಅದರಲ್ಲಿ ಕಲಿತದ್ದು ಬಹಳ ಇರುತ್ತದೆ. ಅನುಭವಿ ಸೇಲ್ಸ್‌ಮನ್ ಅಂಗಡಿ ಹೊಕ್ಕ ಕೂಡಲೇ ಮಾಲಿನ ಮಾತು ತೆಗೆಯುವುದಿಲ್ಲ. ಗಿರಾಕಿ ನಿಂತಿದ್ದರೆ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಸಾವ್ಕಾರರ ವ್ಯಾಪಾರಕ್ಕೆ ಅಡ್ಡ ಬರಬಾರದು. ಕಣ್ಣು ಮಾತ್ರ ಶೆಲ್ಫಿನ ಮೇಲೆ: ತನ್ನ ಮಾಲು ಎಷ್ಟು ಉಳಿದಿದೆ, ಮುಂದಿದೆಯೋ ಹಿಂದೆ ಸರಿದಿದೆಯೋ, ಡಬ್ಬಿಯ ಮೇಲೆ ಧೂಳು ಕೂತಿದೆಯೋ. ಆಮೇಲೆ ಮಾತು. ‘ಏನ್ ಸಾವ್ಕಾರ್ರ, ಮಗಳ ರಿಸಲ್ಟ್ ಬಂತೇನ್ರಿ?’ ಹೋದ ಸಲ ಕೇಳಿದ್ದನ್ನು ಈ ಸಲ ಮುಂದುವರಿಸಬೇಕು. ನೂರು ಇನ್ನೂರು ಅಂಗಡಿಗಳಲ್ಲಿ ಹಾಗೆ ಮುಂದುವರಿಸಬೇಕೆಂದರೆ ನೆನಪಿನ ಶಕ್ತಿಯೊಂದೇ ಸಾಲದು. ಅನೇಕರು ಆರ್ಡರ್ ಪುಸ್ತಕದ ಹಿಂದಿನ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು: ಮಗ ಡಿಪ್ಲೊಮಾ, ತಾಯಿಗೆ ಆಪರೇಷನ್, ಹೊಸ ಮನೆ ಪಾಯ. ಅಂಥ ಪುಟ ನಿಮ್ಮ ಕೈಗೆ ಸಿಕ್ಕಿದರೆ ಜೋಪಾನ ಮಾಡಿ. ನನ್ನ ಕಣ್ಣಿಗೆ ಅದು ಕಂಪನಿ ಕೊಟ್ಟ ಎಲ್ಲ ಶೀಲ್ಡುಗಳಿಗಿಂತ ದೊಡ್ಡದು.

ವಸೂಲಿಯಲ್ಲಿ ಈ ಜಾಣತನ ಇನ್ನೂ ಚೆನ್ನಾಗಿ ಕಾಣುತ್ತದೆ. ದೀಪ ಹಚ್ಚಿದ ಮೇಲೆ ಗಲ್ಲಾದಿಂದ ದುಡ್ಡು ಕೊಡದ ವ್ಯಾಪಾರಿಗಳಿದ್ದಾರೆ. ಶುಕ್ರವಾರ ಕೊಡದವರಿದ್ದಾರೆ. ಅಮಾವಾಸ್ಯೆ ದಿನ ಅಂಗಡಿ ಪೂಜೆ, ಅವತ್ತು ಬಾಕಿ ಕೇಳಿದರೆ ಸಂಬಂಧವೇ ಕೆಡುತ್ತದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಖಾತೆ ಪುಸ್ತಕ ತೆರೆಯುವ ಮುಂಚೆ ಹಳೇ ಬಾಕಿ ಚುಕ್ತಾ ಮಾಡುವ ಮನಸ್ಸು ಹಲವರಿಗೆ ಇರುತ್ತದೆ, ಆಗ ಹೋದರೆ ಕೆಲಸ ಸಲೀಸು. ಯಾವ ಊರಿನ ಸಂತೆ ಯಾವ ದಿನ, ಸಂತೆಯ ಮರುದಿನ ಯಾರ ಕೈಯಲ್ಲಿ ದುಡ್ಡು ಓಡಾಡುತ್ತದೆ, ಇದೆಲ್ಲ ತಲೆಯಲ್ಲಿರಬೇಕು. ಟೂರ್ ಪ್ರೋಗ್ರಾಂ ಕಾಗದಗಳು ಸಿಕ್ಕರೆ ಹಳೇ ಪಂಚಾಂಗದ ಪಕ್ಕ ಇಟ್ಟು ನೋಡಿ. ಅಮಾವಾಸ್ಯೆಗಳಂದು ಅವರು ಎಲ್ಲಿರುತ್ತಿದ್ದರು ಎಂಬುದರಲ್ಲಿ ಒಂದು ಲೆಕ್ಕಾಚಾರ ಕಂಡರೂ ಕಾಣಬಹುದು.

ಈಗ ಮನೆಯ ಟ್ರಂಕಿಗೆ ಬರೋಣ. ಸಾಮಾನ್ಯವಾಗಿ ಹದಿಮೂರನೇ ದಿನ ಕಳೆದ ಮೇಲೆ ಯಾರೋ ಒಬ್ಬರು ಮನೆ ಚೊಕ್ಕ ಮಾಡಲು ಹೊರಡುತ್ತಾರೆ. ಹಳೇ ಡೈರಿ, ಬಿಲ್ ಪುಸ್ತಕ ರದ್ದಿಗೆ ಹೋಗುವುದು ಆಗಲೇ. ಮೂರು ತಿಂಗಳು ಏನನ್ನೂ ಎಸೆಯಬೇಡಿ ಎಂದು ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಹೇಳಬೇಕು. ಇದಕ್ಕೆ ನೆನಪಿನಾಚೆಗೂ ಕಾರಣವಿದೆ. ಖಾಸಗಿ ಕಂಪನಿಯಲ್ಲಿದ್ದವರಿಗೆ 1995ರ ನೌಕರರ ಪಿಂಚಣಿ ಯೋಜನೆಯ ಪಿಂಚಣಿ ಬರುತ್ತಿದ್ದರೆ, ಅದರ ಪಿಪಿಒ (ಪಿಂಚಣಿ ಪಾವತಿ ಆದೇಶ) ಕಾಗದ ಅದೇ ಕಟ್ಟಿನಲ್ಲಿ ಇರುತ್ತದೆ. ಅವರು ಹೋದ ಮೇಲೆ ಪತ್ನಿಗೆ ಸಾಮಾನ್ಯವಾಗಿ ಅರ್ಧ ಪಿಂಚಣಿ ಸಲ್ಲಬೇಕು. ಅದಕ್ಕೆ ಪಿಪಿಒ ಸಂಖ್ಯೆ ಮತ್ತು ಮರಣ ಪ್ರಮಾಣಪತ್ರ ಬೇಕು. ಮರಣ ನೋಂದಣಿಯನ್ನು 21 ದಿನಗಳೊಳಗೆ ಮಾಡಿಸಿದರೆ ತೊಂದರೆ ಕಡಿಮೆ. ಮೊತ್ತ ಚಿಕ್ಕದು ಎಂದು ಮಕ್ಕಳು ಬಿಟ್ಟುಬಿಡುತ್ತಾರೆ. ಬಿಡಬೇಡಿ, ಅದು ಆ ತಾಯಿಯ ಸ್ವಂತ ದುಡ್ಡು.

ಅದೇ ಕಟ್ಟಿನಲ್ಲಿ ನೇಮಕಾತಿ ಪತ್ರ ಹುಡುಕಿ. ಮಾರಾಟ ಪ್ರತಿನಿಧಿಗಳ ಸೇವಾ ನಿಯಮಗಳಿಗೆಂದೇ 1976ರಲ್ಲಿ ಕೇಂದ್ರ ಕಾಯ್ದೆ ಬಂತು, ಮೊದಲು ಔಷಧ ಉದ್ಯಮಕ್ಕೆ. ಅದರ ಪ್ರಕಾರ ಕಂಪನಿ ಲಿಖಿತ ನೇಮಕಾತಿ ಪತ್ರ ಕೊಡಲೇಬೇಕಿತ್ತು. ಸೇರಿದ ದಿನ, ಹುದ್ದೆ, ಸಂಬಳ ಎಲ್ಲ ಒಂದೇ ಕಡೆ ಸಿಗುತ್ತವೆ. ಅದಕ್ಕೂ ಮುಂಚೆ ಸೇರಿದವರ ಬಳಿ ನಾಲ್ಕು ಸಾಲಿನ ಟೈಪ್ ಮಾಡಿದ ಕಾಗದ ಇದ್ದರೂ ಹೆಚ್ಚು.

ತಾರೀಖು ಇಲ್ಲದ ಕಾಗದಗಳೇ ದೊಡ್ಡ ತಲೆನೋವು. ಅವುಗಳ ಕಾಲವನ್ನು ವಿಳಾಸದಿಂದ ಊಹಿಸಬಹುದು. ವಿಳಾಸದಲ್ಲಿ ಮೈಸೂರು ರಾಜ್ಯ ಎಂದಿದ್ದರೆ ಅದು 1973ರ ನವೆಂಬರ್‌ಗಿಂತ ಹಿಂದಿನದಿರಬಹುದು. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ಆದ ಮೇಲಿನದು. ಗದಗ ಅಥವಾ ಹಾವೇರಿಯನ್ನು ಧಾರವಾಡ ಜಿಲ್ಲೆ ಎಂದು, ಕೊಪ್ಪಳವನ್ನು ರಾಯಚೂರು ಜಿಲ್ಲೆ ಎಂದು ಬರೆದಿದ್ದರೆ 1997ರ ಹಿಂದಿನದು ಎಂದುಕೊಳ್ಳಬಹುದು. ಆದರೆ ಜನ ಹಳೇ ರೂಢಿಯನ್ನು ಬೇಗ ಬಿಡುವುದಿಲ್ಲ, ಕಂಪನಿಗಳು ಹಳೇ ಲೆಟರ್‌ಹೆಡ್ ಮುಗಿಯುವ ತನಕ ಬಳಸುತ್ತವೆ. ಹಾಗಾಗಿ ಎರಡು ಸುಳಿವು ಕೂಡಿದರಷ್ಟೇ ಇಸವಿ ಬರೆಯಿರಿ. ಡೈರಿಯಲ್ಲಿ ಬಿಜಾಪುರ, ಗುಲ್ಬರ್ಗಾ ಎಂದಿದ್ದರೆ ನಕಲು ಮಾಡುವಾಗ ಹಾಗೆಯೇ ಇಡಿ, ವಿಜಯಪುರ, ಕಲಬುರಗಿ ಎಂದು ತಿದ್ದಲು ಹೋಗಬೇಡಿ.

ಕಾಗದಗಳ ಜೋಪಾನದ ಬಗ್ಗೆ ನಾಲ್ಕು ಮಾತು. ಬಸ್ ಟಿಕೆಟ್, ಎಸ್‌ಟಿಡಿ ಬೂತಿನ ಬಿಲ್ಲುಗಳಲ್ಲಿ ಥರ್ಮಲ್ ಕಾಗದದವು ಬಿಸಿಗೂ ಬೆಳಕಿಗೂ ಮಾಸಿಹೋಗುತ್ತವೆ, ಅವನ್ನು ಮೊದಲು ಫೋಟೊ ತೆಗೆಯಿರಿ. ಆರ್ಡರ್ ಪುಸ್ತಕದ ಕಾರ್ಬನ್ ಪ್ರತಿಯನ್ನು ಬೆರಳಿನಿಂದ ಉಜ್ಜಬೇಡಿ. ತುಕ್ಕು ಹಿಡಿದ ಗುಂಡುಪಿನ್ನು, ಜೆಮ್ ಕ್ಲಿಪ್ ತೆಗೆದುಬಿಡಿ. ಅಂಟು ಹಾಳೆಯ ಆಲ್ಬಂಗಳಿವೆಯಲ್ಲ, ಮೇಲೆ ಪಾರದರ್ಶಕ ಪೊರೆ ಇರುವಂಥವು, ಅವುಗಳಿಂದ ಫೋಟೊ ಕಿತ್ತರೆ ಬೆನ್ನು ಹರಿಯುತ್ತದೆ. ಪೊರೆ ಸುಲಭವಾಗಿ ಏಳುತ್ತಿದ್ದರೆ ಫೋಟೊ ಅಡಿಯಲ್ಲಿ ಗಟ್ಟಿ ನೂಲು ತೂರಿಸಿ ಮೆಲ್ಲಗೆ ಎಳೆಯಿರಿ. ಬರದಿದ್ದರೆ ಅಲ್ಲಿಯೇ ಬಿಟ್ಟು, ಕಿಟಕಿಯ ಓರೆ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಸ್ಕ್ಯಾನ್ ಮಾಡಿಸುವುದಾದರೆ ಚಿಕ್ಕ ಕಪ್ಪುಬಿಳುಪು ಫೋಟೊಗೆ 600 ಡಿಪಿಐ, ಕಾಗದಕ್ಕೆ 300 ಸಾಕು. ಫೋಟೊದ ಹಿಂದೆ ಹೆಸರು ಬರೆಯಲು ಮೆತ್ತನೆ ಪೆನ್ಸಿಲ್ ಬಳಸಿ. ಬಾಲ್‌ಪೆನ್ ಒತ್ತಿದರೆ ಮುಂಭಾಗಕ್ಕೆ ಗೀರು ಮೂಡುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಚಿತ್ರ ಕುಗ್ಗಿ ಅಕ್ಷರ ಓದಲಾಗುವುದಿಲ್ಲ.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವ ಎರಡು ಪುಸ್ತಕಗಳು. ಒಂದು, ಫೋನ್ ಡೈರಿ. ಬೇರೆಯವರ ಡೈರಿ ಹೆಸರಿನ ಮೊದಲಕ್ಷರದ ಪ್ರಕಾರ ಇದ್ದರೆ, ಸೇಲ್ಸ್‌ಮನ್ ಡೈರಿ ಎಷ್ಟೋ ಸಲ ಊರಿನ ಪ್ರಕಾರ ಇರುತ್ತದೆ. ಗದಗದ ಪುಟ, ಹೊಸಪೇಟೆಯ ಪುಟ. ಮೂರು ನಾಲ್ಕು ಅಂಕಿಯ ನಂಬರು, ಅದನ್ನು ಹೊಡೆದು ಐದಂಕಿ, ಆರಂಕಿ, ಆಮೇಲೆ ಮೊಬೈಲ್. ಹೊಡೆದು ಬರೆದ ನಂಬರುಗಳು ಎಷ್ಟು ಹೆಚ್ಚೋ ಸಂಬಂಧ ಅಷ್ಟು ಉದ್ದ ಎಂದರ್ಥ. ನಿವೃತ್ತಿಯ ನಂತರವೂ ತಿದ್ದಿದ ನಂಬರು ಇದ್ದರೆ ಅವರು ವ್ಯಾಪಾರ ಮುಗಿದ ಮೇಲೂ ಉಳಿದ ಸ್ನೇಹಿತರು. ಅವರಿಗೇ ಮೊದಲು ಫೋನ್ ಮಾಡಿ.

ಇನ್ನೊಂದು ಮುಯ್ಯಿ ಪುಸ್ತಕ. ಮಗಳ ಮದುವೆಯಲ್ಲೋ ಗೃಹಪ್ರವೇಶದಲ್ಲೋ ಯಾರು ಏನು ಕೊಟ್ಟರು ಎಂದು ಬರೆದಿಟ್ಟ ಆ ಉದ್ದ ನೋಟ್‌ಬುಕ್. ನೆಂಟರ ಹೆಸರುಗಳ ನಡುವೆ ನಿಮಗೆ ಗುರುತೇ ಸಿಗದ ಹೆಸರು ಕಾಣುತ್ತವೆ: ಇಂಥ ಮೆಡಿಕಲ್ಸ್, ಕೊಪ್ಪಳ, 51 ರೂಪಾಯಿ, ಇಂಥ ಲಾಡ್ಜಿನ ಮ್ಯಾನೇಜರು, ಒಂದು ಸ್ಟೀಲ್ ಡಬ್ಬಿ. ಅಂಗಡಿ ಬಾಗಿಲು ಹಾಕಿ ರೈಲು ಹತ್ತಿ ಸೇಲ್ಸ್‌ಮನ್ ಮಗಳ ಮದುವೆಗೆ ಬಂದವರು ಇವರು. ಆ ಪಟ್ಟಿಯನ್ನು ಫೋನ್ ಡೈರಿಗೆ ಹೋಲಿಸಿ ನೋಡಿದರೆ ಯಾರನ್ನು ಕಾಣಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಅವರ ಮನೆಯ ಮದುವೆ ಕರೆಯೋಲೆಗಳನ್ನೂ ನಿಮ್ಮ ತಂದೆಯವರು ಎತ್ತಿಟ್ಟಿದ್ದರೆ ಇನ್ನೂ ಒಳ್ಳೆಯದು, ಅವುಗಳಲ್ಲಿ ತಾರೀಖು ಇರುತ್ತದೆ.

ಯಾರನ್ನು ಮೊದಲು ಕೇಳಬೇಕು? ವಯಸ್ಸಾದವರನ್ನು, ಕಾಯಿಲೆ ಇದ್ದವರನ್ನು. ದೊಡ್ಡ ಡಾಕ್ಟರಿಗಿಂತ ಅವರ ಕಾಂಪೌಂಡರಿಗೆ ಹೆಚ್ಚು ಗೊತ್ತಿರುತ್ತದೆ, ಸ್ಟಾಕಿಸ್ಟ್‌ಗಿಂತ ಅವರ ಗುಮಾಸ್ತರಿಗೆ. ಬೇರೆ ಕಂಪನಿಯ ರೆಪ್‌ಗಳನ್ನು ಮರೆಯಬೇಡಿ. ಒಂದೇ ರೈಲು, ಒಂದೇ ಲಾಡ್ಜ್, ಎದುರಾಳಿ ಮಾಲು ಮಾರುತ್ತಿದ್ದರೂ ಒಂದೇ ಕೋಣೆಯ ಬಾಡಿಗೆ ಹಂಚಿಕೊಂಡವರು. ನಿಮ್ಮ ತಂದೆಯವರ ಕೈಕೆಳಗೆ ಕೆಲಸ ಕಲಿತ ಹುಡುಗ ಯಾರಾದರೂ ಇದ್ದರೆ ಅವನನ್ನು ಖಂಡಿತ ಕೇಳಿ, ಕಲಿಸುವಾಗ ಮನುಷ್ಯ ತನ್ನ ಗುಟ್ಟು ಬಿಚ್ಚಿ ಹೇಳಿರುತ್ತಾನೆ.

‘ಅವರು ಹೇಗಿದ್ದರು?’ ಎಂದು ಕೇಳಿದರೆ ‘ಬಹಳ ಒಳ್ಳೆಯವರು’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯಿತು. ಕೈಗೆ ಸಿಗುವಂಥದ್ದನ್ನು ಕೇಳಿ. ಅಂಗಡಿಗೆ ಬಂದರೆ ಎಲ್ಲಿ ಕೂರುತ್ತಿದ್ದರು? ಬ್ಯಾಗ್ ಎಲ್ಲಿ ಇಡುತ್ತಿದ್ದರು? ಬಾಕಿ ಕೇಳಬೇಕಾದ ದಿನ ಮಾತು ಹೇಗೆ ಶುರುವಾಗುತ್ತಿತ್ತು? ಆರ್ಡರ್ ಇಲ್ಲ ಅಂದಾಗ ಏನು ಹೇಳಿ ಹೊರಡುತ್ತಿದ್ದರು? ಕೊನೆಯ ಸಲ ಬಂದದ್ದು ಯಾವಾಗ, ಕೆಲಸಕ್ಕೋ ಸುಮ್ಮನೆಯೋ? ಉತ್ತರ ಬಂದ ಮೇಲೆ ಸ್ವಲ್ಪ ಸುಮ್ಮನಿರಿ. ಹಿರಿಯರು ಎರಡನೇ ಉಸಿರಿನಲ್ಲಿ ಹೇಳುವುದೇ ಹೆಚ್ಚು ಸತ್ವದ್ದು.

ರೆಕಾರ್ಡ್ ಮಾಡಲು ಮೊದಲು ಅವರ ಒಪ್ಪಿಗೆ ಪಡೆಯಿರಿ. ನಿಮ್ಮ ಮೊಬೈಲೇ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ನಡುವೆ ಕರೆ ಬಂದರೆ ರೆಕಾರ್ಡಿಂಗ್ ನಿಂತುಹೋಗುತ್ತದೆ. ಟೇಬಲ್ ಮೇಲೆ ಮಡಿಸಿದ ಟವೆಲ್ ಹಾಕಿ ಅದರ ಮೇಲೆ ಫೋನ್ ಇಡಿ, ಮಾತಾಡುವವರಿಂದ ಒಂದು ಮೊಳದ ಒಳಗೆ. ಫ್ಯಾನ್ ಆರಿಸಿ, ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟಿಲ್ಲ ಎಂದು ನೋಡಿಕೊಳ್ಳಿ. ನಲವತ್ತೈದು ನಿಮಿಷಕ್ಕೆ ನಿಲ್ಲಿಸಿ, ವಯಸ್ಸಾದವರು ಸುಸ್ತಾದರೂ ಹೇಳುವುದಿಲ್ಲ. ಅಂದೇ ರಾತ್ರಿ ಫೈಲಿಗೆ ತಾರೀಖು, ಊರು, ಹೆಸರು ಕೊಟ್ಟು ಎರಡು ಕಡೆ ಉಳಿಸಿ. ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ನಾಲ್ಕೈದು ಗಂಟೆ ಹಿಡಿಯುತ್ತದೆ, ಅದಕ್ಕೆ ಸಿದ್ಧರಾಗಿ. ಅವರಾಡಿದ ಹುಬ್ಬಳ್ಳಿ ಕನ್ನಡವನ್ನು ಗ್ರಾಂಥಿಕಕ್ಕೆ ತಿರುಗಿಸಬೇಡಿ. ‘ಬರ್ರಿ, ಚಾ ಕುಡೀರಿ’ ಎಂಬುದು ‘ಬನ್ನಿ, ಚಹಾ ಸೇವಿಸಿ’ ಆದರೆ ಆ ಅಂಗಡಿಯೇ ಮಾಯವಾಗುತ್ತದೆ.

ಇಷ್ಟೆಲ್ಲ ಓಡಾಡುವವರು ಮನೆಯಲ್ಲೇ ಇರುವ ಒಬ್ಬರನ್ನು ಕೇಳುವುದಿಲ್ಲ. ತಾಯಿಯನ್ನು. ಟೂರ್ ಇದ್ದ ರಾತ್ರಿಗಳಲ್ಲಿ ಮಗುವಿಗೆ ಜ್ವರ ಬಂದರೆ ಯಾರ ಬಾಗಿಲು ತಟ್ಟುತ್ತಿದ್ದರು? ಟ್ರಂಕ್ ಕಾಲ್ ಬಂದರೆ ಯಾರ ಮನೆಗೆ ಹೋಗಿ ಮಾತಾಡಬೇಕಿತ್ತು? ಟೂರ್ ಬ್ಯಾಗಿಗೆ ಏನೇನು ಹಾಕಿ ಕೊಡುತ್ತಿದ್ದರು? ಟ್ರಾನ್ಸ್‌ಫರ್ ಆದಾಗ ಮಕ್ಕಳ ಟಿಸಿ, ಗ್ಯಾಸ್ ಕನೆಕ್ಷನ್, ರೇಷನ್ ಕಾರ್ಡ್ ಯಾರು ಓಡಾಡಿ ಬದಲಾಯಿಸಿದರು? ತಂದೆಯವರು ಕುಟುಂಬವನ್ನು ಎಷ್ಟು ಪ್ರೀತಿಸುತ್ತಿದ್ದರು ಎಂಬುದು ಅವರಿಲ್ಲದ ದಿನಗಳಲ್ಲಿ ಆ ಮನೆಯನ್ನು ಯಾರು ಹೇಗೆ ಹಿಡಿದರು ಎಂಬುದರ ಜೊತೆಗೇ ಬರಬೇಕು. ಇಲ್ಲದಿದ್ದರೆ ಅದು ನ್ಯಾಯವಾದ ಬರಹವಲ್ಲ. ಶಾಲೆಯ ಗ್ಯಾದರಿಂಗ್‌ಗೆ ಅಪ್ಪ ಬರಲೇ ಇಲ್ಲ ಎಂಬ ಮಗಳ ನೋವಿದ್ದರೆ ಅದಕ್ಕೂ ಒಂದು ಪ್ಯಾರಾ ಕೊಡಿ. ಅದನ್ನು ಬರೆದರೆ ತಂದೆಯ ಗೌರವ ಕಡಿಮೆಯಾಗುವುದಿಲ್ಲ.

ಅಚ್ಚಿಗೆ ಹಾಕಬಾರದವೂ ಇವೆ. ಯಾವ ಅಂಗಡಿಯವರು ಎಷ್ಟು ಬಾಕಿ ಉಳಿಸಿಕೊಂಡರು, ಯಾವ ಡಾಕ್ಟರಿಗೆ ಕಂಪನಿ ಏನು ಕೊಟ್ಟಿತು, ಆರ್ಡರ್ ಪುಸ್ತಕದ ಹಿಂದೆ ಬರೆದ ಬೇರೆ ಮನೆಯ ಕಾಯಿಲೆಯ ಸಂಗತಿ, ಇವು ಹೆಸರಿನೊಡನೆ ಹೊರಗೆ ಬರಬಾರದು. ಅವರು ನಂಬಿ ಹೇಳಿದ್ದು ನಿಮ್ಮ ತಂದೆಗೆ. ಹೆಸರು ತೆಗೆದು, ಊರು ತೆಗೆದು, ತಂದೆಯವರು ಹೇಗೆ ನೆನಪಿಟ್ಟುಕೊಳ್ಳುತ್ತಿದ್ದರು ಎಂಬ ಬಗೆಯನ್ನಷ್ಟೇ ಬರೆಯಿರಿ.

ನುಡಿನಮನದ ಸಭೆಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಐದು ನಿಮಿಷಕ್ಕೆ ಐನೂರು ಪದ ಮೀರಬಾರದು. ಮೂರು ಜನ ಮಾತಾಡಲಿ: ಮನೆಯವರೊಬ್ಬರು, ಕೆಲಸದ ಜೊತೆಗಾರರೊಬ್ಬರು, ಟೂರ್ ಊರಿನಿಂದ ಬಂದ ಒಬ್ಬರು. ಯಾರು ಯಾವ ಘಟನೆ ಹೇಳುತ್ತಾರೆ ಎಂದು ಹಿಂದಿನ ದಿನವೇ ಫೋನಿನಲ್ಲಿ ಹಂಚಿಕೊಳ್ಳಿ, ಇಲ್ಲವಾದರೆ ಮೂವರೂ ಒಂದೇ ಕಥೆ ಹೇಳುತ್ತಾರೆ. ಬಳ್ಳಾರಿಯಿಂದ ಬಂದವರು ಹಿಂದಿನ ಸಾಲಿನಲ್ಲಿ ಕೂತು ಊಟ ಮಾಡಿ ಹೋಗಿಬಿಡುತ್ತಾರೆ. ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟು ಹೆಸರು, ಊರು, ನಂಬರು ಬರೆಸಿಕೊಳ್ಳಲು ಒಬ್ಬ ಹುಡುಗನನ್ನು ನಿಲ್ಲಿಸಿ.

ಇದನ್ನೆಲ್ಲ ಸೇರಿಸಿ ತರುವ ಪುಸ್ತಿಕೆಗೆ ವರ್ಷಾಬ್ದಿಕದ ಗಡುವು ಇಟ್ಟುಕೊಳ್ಳಿ. ನಡುವೆ ಪಿನ್ ಹೊಡೆಯುವ ಪುಸ್ತಿಕೆಯಾದರೆ ಪುಟಗಳು ನಾಲ್ಕರ ಮಡಿಕೆಯಲ್ಲಿರಬೇಕು, 32 ಅಥವಾ 36. ಓದುವವರಲ್ಲಿ ಹಿರಿಯರೇ ಹೆಚ್ಚು, ಅಕ್ಷರ 14 ಪಾಯಿಂಟ್‌ಗಿಂತ ಚಿಕ್ಕದು ಬೇಡ. ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿರುತ್ತೀರಿ; ಡಿಟಿಪಿಯವರು ಅದನ್ನು ಹಳೇ ನುಡಿ ಫಾಂಟಿಗೆ ಬದಲಾಯಿಸಿದರೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಚದುರುತ್ತವೆ. ಕರಡನ್ನು ಕಾಗದದ ಮೇಲೆ ತೆಗೆಸಿ, ಹೆಸರುಗಳನ್ನು ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಮುಯ್ಯಿ ಪುಸ್ತಕ ನೋಡುತ್ತ ತಾಳೆ ಹಾಕಿ. ಒಳಪುಟದಲ್ಲಿ ಅವರ ಟೂರ್ ಊರುಗಳ ಒಂದು ನಕ್ಷೆ ಇರಲಿ, ರೈಲು ಮಾರ್ಗ, ಬಸ್ ಮಾರ್ಗ, ಉಳಿದುಕೊಳ್ಳುತ್ತಿದ್ದ ಲಾಡ್ಜ್ ಗುರುತು ಮಾಡಿ. ಮನೆಯವರಿಗೆ ಬೇಕಾದ ಪ್ರತಿಗಳನ್ನು ಲೆಕ್ಕ ಹಾಕಿ, ಅಷ್ಟೇ ಪ್ರತಿಗಳನ್ನು ಆ ಊರುಗಳಿಗೆಂದು ಹೆಚ್ಚಿಗೆ ಹಾಕಿಸಿ. ಅಂಚೆಯಲ್ಲಿ ಕಳಿಸುವುದಕ್ಕಿಂತ ಒಬ್ಬರು ಆ ರೈಲನ್ನೇ ಹತ್ತಿ ಅಂಗಡಿ ಅಂಗಡಿಗೆ ಹೋಗಿ ಕೊಟ್ಟು ಬನ್ನಿ, ಅಮಾವಾಸ್ಯೆ ತಪ್ಪಿಸಿ, ಗಿರಾಕಿ ಇಲ್ಲದ ಮಧ್ಯಾಹ್ನದ ಹೊತ್ತಿಗೆ. ಆಗ ಸಿಗುವ ಹೊಸ ಸಂಗತಿಗಳಿಗೆ ಜೇಬಿನಲ್ಲಿ ಒಂದು ನೋಟ್‌ಬುಕ್ ಇರಲಿ.